ಬೀಗ ಹಾಕಿದ ದಿನಾಂಕ: ವೆಬ್ ಫಾರಂನ ಡಿಸೇಬಲ್ಡ್ ಮತ್ತು ರೀಡ್‌ಓನ್ಲಿ ಡೇಟ್ ಫೀಲ್ಡ್‌ಗಳನ್ನು ನಿಭಾಯಿಸುವುದು

ಫಾರಂ ತುಂಬುವವರು ಒಂದು ದಿನಾಂಕವನ್ನು ಮುಟ್ಟಬಾರದು ಅಂತಾದರೆ ನಮ್ಮಲ್ಲಿ ಹೆಚ್ಚಿನವರ ಕೈ ತಾನಾಗಿ ಹೋಗುವುದು ಡಿಸೇಬಲ್ಡ್ ಕಡೆಗೆ. ಪೆಟ್ಟಿಗೆ ಮಂಕಾಗುತ್ತದೆ, ಟೈಪ್ ಮಾಡಲು ಬರುವುದಿಲ್ಲ, ಬೇಕಾದ್ದು ಆಯಿತು ಅನ್ನಿಸುತ್ತದೆ. ಸ್ವಲ್ಪ ದಿನ ಕಳೆದ ಮೇಲೆ ಪಟ್ಟಿಯಲ್ಲಿ 01-01-1970 ಎಂಬ ದಿನಾಂಕ ಸಾಲುಸಾಲಾಗಿ ಕಾಣಿಸಿಕೊಂಡಾಗ ಹುಡುಕಾಟ ಶುರು. ಮುಟ್ಟಬಾರದ ದಿನಾಂಕದಲ್ಲಿ ಮೂರು ಜಾತಿಗಳಿವೆ: ಸದ್ಯಕ್ಕೆ ಬೇಡದ್ದು, ಬೇಕು ಆದರೆ ಬದಲಿಸುವ ಹಾಗಿಲ್ಲದ್ದು, ಬರೀ ತೋರಿಸಲಿಕ್ಕೆ ಇರುವುದು. ಮೂರಕ್ಕೂ ಒಂದೇ ಬೀಗ ಹಾಕಿದರೆ ಆಗುವ ಎಡವಟ್ಟು ಅದು.

ವಿವರಿಸಲಿಕ್ಕೆ ನಮ್ಮ ಕಡೆಯದೇ ಒಂದು ಫಾರಂ ಇಟ್ಟುಕೊಳ್ಳೋಣ. ಉಡುಪಿಯ ಒಂದು ಯಕ್ಷಗಾನ ಮೇಳ ಹರಕೆ ಆಟದ ಬುಕಿಂಗನ್ನು ವೆಬ್‌ಸೈಟಿಗೆ ತರುತ್ತದೆ ಅಂತ ಎಣಿಸಿ. ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮುಗಿಯುತ್ತದೆ. ಕಟೀಲಿನಂಥ ಕಡೆ ಹರಕೆ ಆಟಗಳು ವರ್ಷಗಟ್ಟಲೆ ಮೊದಲೇ ಬುಕ್ ಆಗಿರುತ್ತವೆ. ಮಳೆಗಾಲದ ತಿಂಗಳುಗಳು ಬೇಡ, ಬುಕ್ ಆದ ದಿನಗಳು ಬೇಡ, ಮುಂಗಡ ಕಟ್ಟಲು ಗಡುವು ಬೇಕು. ದಿನಾಂಕದ ತಕರಾರು ಎಷ್ಟು ಬಗೆಯದೋ ಅಷ್ಟೂ ಈ ಒಂದೇ ಫಾರಂನಲ್ಲಿ ಸಿಗುತ್ತದೆ.

ನಮ್ಮ ಫಾರಂನಲ್ಲಿ ನಾಲ್ಕು ದಿನಾಂಕಗಳು: ಅರ್ಜಿ ಹಾಕಿದ ದಿನ, ಆಟದ ದಿನ, ಅದು ಸಿಗದಿದ್ದರೆ ಬದಲಿ ದಿನ, ಮುಂಗಡ ಕಟ್ಟುವ ಕೊನೆಯ ದಿನ.

ಹಂತ 1: ಕೋಡ್ ಬರೆಯುವ ಮೊದಲು ಎರಡು ಪ್ರಶ್ನೆ

ಪ್ರತಿ ದಿನಾಂಕಕ್ಕೂ ಕೇಳಿಕೊಳ್ಳಿ: ಇದನ್ನು ನಿರ್ಧರಿಸುವವರು ಯಾರು? ಫಾರಂ ಜೊತೆಗೆ ಇದು ಸರ್ವರ್‌ಗೆ ಹೋಗಬೇಕೋ?

ಅರ್ಜಿ ಹಾಕಿದ ದಿನವನ್ನು ಸರ್ವರ್ ತನ್ನ ಗಡಿಯಾರ ನೋಡಿ ಬರೆದುಕೊಳ್ಳುತ್ತದೆ. ಬ್ರೌಸರ್ ಅದನ್ನು ಕಳಿಸುವ ಅಗತ್ಯವೇ ಇಲ್ಲ. ಹಾಗಾದರೆ ಅಲ್ಲಿ ಇನ್‌ಪುಟ್ ಪೆಟ್ಟಿಗೆ ಯಾಕೆ? ಸಾದಾ ಅಕ್ಷರದಲ್ಲಿ ಬರೆದುಬಿಡಿ. ಬೀಗ ಹಾಕಿದ ಫೀಲ್ಡ್‌ಗಳಲ್ಲಿ ಬಹಳಷ್ಟು ಫೀಲ್ಡ್ ಆಗಬೇಕಾದ್ದೇ ಇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾಗದದ ಅರ್ಜಿಯಲ್ಲಿ ಗೆರೆ ಇತ್ತು ಅಂತ ವೆಬ್‌ನಲ್ಲೂ ಒಂದು ಪೆಟ್ಟಿಗೆ ಇಟ್ಟಿರುತ್ತಾರೆ, ಅಷ್ಟೇ.

ಆಟದ ದಿನವನ್ನು ಸೇವಾಕರ್ತರು, ಅಂದರೆ ಹರಕೆ ಆಟ ಆಡಿಸುವವರು ಆರಿಸುತ್ತಾರೆ, ಆದರೆ ಮೇಳದ ಮ್ಯಾನೇಜರ್ ಖಾಯಂ ಮಾಡಿದ ಮೇಲೆ ಅವರು ಬದಲಿಸುವ ಹಾಗಿಲ್ಲ. ಆಮೇಲೆ ಅದು ರೀಡ್‌ಓನ್ಲಿ, ಅಂದರೆ ಓದಲಿಕ್ಕೆ ಮಾತ್ರ. ಬದಲಿ ದಿನ "ಬೇರೆ ದಿನವೂ ಆದೀತು" ಎಂದವರಿಗೆ ಮಾತ್ರ, ಉಳಿದವರಿಗೆ ಡಿಸೇಬಲ್ಡ್. ಮುಂಗಡದ ಕೊನೆಯ ದಿನ ಲೆಕ್ಕದಿಂದ ಬರುವುದು, ಯಾರೂ ತುಂಬುವುದಲ್ಲ. ಹೀಗೆ ಒಂದು ಹಾಳೆಯಲ್ಲಿ ಬರೆದುಕೊಂಡರೆ ಯಾವುದಕ್ಕೆ ಯಾವ ಬೀಗ ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ಹಂತ 2: ಎರಡು ಬೀಗಗಳ ನಿಜವಾದ ವ್ಯತ್ಯಾಸ

ಡಿಸೇಬಲ್ಡ್ ಫೀಲ್ಡ್ ಸಬ್ಮಿಟ್ ಆಗುವಾಗ ಫಾರಂ ಜೊತೆ ಹೋಗುವುದಿಲ್ಲ. ಖಾಲಿಯಾಗಿ ಹೋಗುತ್ತದೆ ಎಂದಲ್ಲ, ಅದರ ಹೆಸರೇ ಸರ್ವರ್‌ಗೆ ತಲುಪುವುದಿಲ್ಲ. ಟ್ಯಾಬ್ ಒತ್ತುತ್ತಾ ಹೋದರೆ ಅದನ್ನು ಹಾರಿಸಿ ಮುಂದಿನದಕ್ಕೆ ಹೋಗುತ್ತದೆ. ಬ್ರೌಸರ್ ಅದರ ತಪ್ಪು ಒಪ್ಪು ನೋಡುವುದಿಲ್ಲ.

ರೀಡ್‌ಓನ್ಲಿ ಫೀಲ್ಡ್ ಸರ್ವರ್‌ಗೆ ಹೋಗುತ್ತದೆ. ಅದರ ಮೇಲೆ ಕರ್ಸರ್ ನಿಲ್ಲುತ್ತದೆ, ಟ್ಯಾಬ್ ಅಲ್ಲಿಗೆ ಬರುತ್ತದೆ. ಬದಲಿಸಲು ಮಾತ್ರ ಬರುವುದಿಲ್ಲ. ಬ್ರೌಸರ್‌ನ ಕ್ಯಾಲೆಂಡರ್ ಕೂಡ ತೆರೆಯುವುದಿಲ್ಲ. ಕೋಡ್‌ನಿಂದ ಒತ್ತಾಯವಾಗಿ ತೆರೆಯಲು ಹೋದರೆ ಜಾವಾಸ್ಕ್ರಿಪ್ಟ್ ಎರರ್ ಕೊಡುತ್ತದೆ. ಒಂದು ವಿಷಯ ಇಲ್ಲಿ ಎಷ್ಟೋ ಜನರಿಗೆ ತಿಳಿದಿರುವುದಿಲ್ಲ: ರೀಡ್‌ಓನ್ಲಿ ಫೀಲ್ಡನ್ನೂ ಬ್ರೌಸರ್ ಪರಿಶೀಲಿಸುವುದಿಲ್ಲ. ಅದರ ಮೇಲೆ ರಿಕ್ವೈರ್ಡ್ (ತುಂಬಲೇಬೇಕು) ಅಂತ ಬರೆದರೂ ಬರೆಯದಿದ್ದರೂ ಒಂದೇ, ಖಾಲಿ ಬಿಟ್ಟರೂ ಫಾರಂ ಹೋಗುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಹಂತ 5ರಲ್ಲಿ ಬೇಕಾಗುತ್ತದೆ.

ಇನ್ನೊಂದು, ರೀಡ್‌ಓನ್ಲಿ ಎಲ್ಲ ಇನ್‌ಪುಟ್‌ಗಳಿಗೂ ನಡೆಯುವುದಿಲ್ಲ. ದಿನಾಂಕ, ಸಮಯ, ಸಂಖ್ಯೆ, ಅಕ್ಷರದ ಫೀಲ್ಡ್‌ಗಳಿಗೆ ನಡೆಯುತ್ತದೆ. ಚೆಕ್‌ಬಾಕ್ಸ್, ರೇಡಿಯೋ, ಡ್ರಾಪ್‌ಡೌನ್‌ಗೆ ಇಲ್ಲ. ದಿನ, ತಿಂಗಳು, ವರ್ಷ ಅಂತ ಮೂರು ಡ್ರಾಪ್‌ಡೌನ್ ಇಟ್ಟ ಹಳೆಯ ಫಾರಂಗಳಿಗೆ ರೀಡ್‌ಓನ್ಲಿ ಹಾಕಿದರೆ ಏನೂ ಆಗದು. ಅಲ್ಲಿ ಆರಿಸಿದ ದಿನಾಂಕವನ್ನು ಅಕ್ಷರದಲ್ಲಿ ತೋರಿಸಿ, ಅದರ ವ್ಯಾಲ್ಯೂವನ್ನು ಹಿಡನ್ ಫೀಲ್ಡ್‌ನಲ್ಲಿ ಕಳಿಸುವುದೇ ದಾರಿ.

ಹಂತ 3: ಬೀಗ ಹಾಕುವುದು, ತೆಗೆಯುವುದು

ಇವೆರಡೂ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂಬ ಜಾತಿಯ ಆ್ಯಟ್ರಿಬ್ಯೂಟ್‌ಗಳು, ಅಂದರೆ ಎಚ್‌ಟಿಎಂಎಲ್ ಟ್ಯಾಗ್ ಒಳಗೆ ಬರೆಯುವ ಗುಣಪದಗಳು. ಎಚ್‌ಟಿಎಂಎಲ್‌ನಲ್ಲಿ ಡಿಸೇಬಲ್ಡ್ ಈಕ್ವಲ್ ಟು ಫಾಲ್ಸ್ ಅಂತ ಬರೆದರೂ ಫೀಲ್ಡ್ ಡಿಸೇಬಲ್ಡ್ ಆಗಿಯೇ ಉಳಿಯುತ್ತದೆ. ತೆಗೆಯಬೇಕಾದರೆ ಆ್ಯಟ್ರಿಬ್ಯೂಟನ್ನೇ ಕಿತ್ತುಹಾಕಬೇಕು, ಇಲ್ಲವೇ ಜಾವಾಸ್ಕ್ರಿಪ್ಟ್‌ನ ಪ್ರಾಪರ್ಟಿಗೆ ಫಾಲ್ಸ್ ಕೊಡಬೇಕು.

ಆ ಪ್ರಾಪರ್ಟಿಯ ಹೆಸರಿನಲ್ಲೂ ಒಂದು ಹೊಂಡ ಇದೆ. ಎಚ್‌ಟಿಎಂಎಲ್‌ನಲ್ಲಿ ರೀಡ್‌ಓನ್ಲಿ ಪೂರ್ತಿ ಸಣ್ಣ ಅಕ್ಷರ; ಜಾವಾಸ್ಕ್ರಿಪ್ಟ್‌ನಲ್ಲಿ ನಡುವಿನ ಓ ದೊಡ್ಡಕ್ಷರ. ರಿಯಾಕ್ಟ್‌ನಲ್ಲೂ ಹಾಗೇ. ಜಾವಾಸ್ಕ್ರಿಪ್ಟ್‌ನಲ್ಲಿ ಸಣ್ಣ ಓ ಬರೆದರೆ ಎರರ್ ಬರುವುದಿಲ್ಲ, ಬೀಗವೂ ಬೀಳುವುದಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಳ್ಳಲು ಇಷ್ಟು ಸಾಕು ಮಾರಾಯ್ರೆ.

ಬೀಗ ಇರುವುದು ಫಾರಂ ತುಂಬುವವರಿಗೆ, ನಿಮ್ಮ ಕೋಡ್‌ಗಲ್ಲ ಎಂಬುದೂ ಗೊತ್ತಿರಲಿ. ಡಿಸೇಬಲ್ಡ್ ಇದ್ದರೂ ರೀಡ್‌ಓನ್ಲಿ ಇದ್ದರೂ ಜಾವಾಸ್ಕ್ರಿಪ್ಟ್ ಒಳಗಿನ ದಿನಾಂಕವನ್ನು ಬದಲಿಸಬಲ್ಲದು. ಲೆಕ್ಕ ಮಾಡಿ ತುಂಬಲಿಕ್ಕಾಗಿ ಬೀಗ ತೆಗೆದು ಮತ್ತೆ ಹಾಕುವ ಕಸರತ್ತು ಬೇಡ.

ಹಂತ 4: ಬದಲಿ ದಿನಾಂಕ, ಅಂದರೆ ಷರತ್ತಿನ ಫೀಲ್ಡ್

"ಬೇರೆ ದಿನವೂ ಆದೀತು" ಎಂಬ ಚೆಕ್‌ಬಾಕ್ಸ್ ಹಾಕಿದಾಗ ಮಾತ್ರ ಬದಲಿ ದಿನದ ಫೀಲ್ಡ್ ತೆರೆಯಬೇಕು. ಇದಕ್ಕೆ ಹಲವು ಫೀಲ್ಡ್‌ಗಳನ್ನು ಒಂದು ಗುಂಪು ಮಾಡುವ ಫೀಲ್ಡ್‌ಸೆಟ್ ಬಹಳ ಅನುಕೂಲ. ಫೀಲ್ಡ್‌ಸೆಟ್‌ಗೆ ಡಿಸೇಬಲ್ಡ್ ಕೊಟ್ಟರೆ ಅದರೊಳಗಿನ ಎಲ್ಲ ಇನ್‌ಪುಟ್‌ಗಳಿಗೂ ಒಟ್ಟಿಗೆ ಬೀಗ ಬೀಳುತ್ತದೆ. ಅದರ ಮೊದಲ ಲೆಜೆಂಡ್ (ಗುಂಪಿನ ಶೀರ್ಷಿಕೆ) ಒಳಗೆ ಇಟ್ಟದ್ದಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಚೆಕ್‌ಬಾಕ್ಸನ್ನು ಲೆಜೆಂಡ್ ಒಳಗೇ ಇಡಿ: ಕೆಳಗಿನ ದಿನಾಂಕ, ಸ್ಥಳ, ಟಿಪ್ಪಣಿ ಎಲ್ಲ ಮುಚ್ಚಿರುತ್ತದೆ, ಚೆಕ್‌ಬಾಕ್ಸ್ ಮಾತ್ರ ತೆರೆದಿರುತ್ತದೆ. ನಾಳೆ ಆ ಗುಂಪಿಗೆ ಇನ್ನೊಂದು ಫೀಲ್ಡ್ ಸೇರಿಸಿದರೂ ಕೋಡ್ ಮುಟ್ಟಬೇಕಾಗಿಲ್ಲ.

ಬೀಗವನ್ನು ಸರಿಹೊಂದಿಸುವ ಕೆಲಸವನ್ನು ಒಂದು ಫಂಕ್ಷನ್ ಒಳಗೆ ಬರೆದು ಚೆಕ್‌ಬಾಕ್ಸ್ ಬದಲಾದಾಗ ಮಾತ್ರವಲ್ಲ, ಪುಟ ತೆರೆದಾಗಲೂ ಅದನ್ನು ಕರೆಯಿರಿ. ಬ್ಯಾಕ್ ಒತ್ತಿ ಮರಳಿ ಬಂದವರಿಗೆ ಬ್ರೌಸರ್ ಚೆಕ್‌ಬಾಕ್ಸನ್ನು ಮೊದಲಿನಂತೆ ಟಿಕ್ ಮಾಡಿಟ್ಟು, ಫೀಲ್ಡನ್ನು ಮುಚ್ಚಿಯೇ ತೋರಿಸಬಹುದು. ಫೈರ್‌ಫಾಕ್ಸ್‌ನದು ಇನ್ನೊಂದು ಚಾಳಿ: ಪುಟ ರಿಫ್ರೆಶ್ ಮಾಡಿದರೂ ಇನ್‌ಪುಟ್‌ನ ಹಳೆಯ ಡಿಸೇಬಲ್ಡ್ ಸ್ಥಿತಿಯನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಆ ಫೀಲ್ಡಿಗೆ ಆಟೋಕಂಪ್ಲೀಟ್ ಆಫ್ ಮಾಡಿದರೆ ಅದು ನಿಲ್ಲುತ್ತದೆ.

ಟಿಕ್ ತೆಗೆದಾಗ ಒಳಗಿದ್ದ ದಿನಾಂಕವನ್ನು ಅಳಿಸಬೇಕೇ? ಅಳಿಸದಿರುವುದು ಒಳ್ಳೆಯದು. ಡಿಸೇಬಲ್ಡ್ ಆದದ್ದು ಹೇಗೂ ಹೋಗುವುದಿಲ್ಲ. ಕೈತಪ್ಪಿ ಟಿಕ್ ತೆಗೆದವರು ಮತ್ತೆ ಹಾಕಿದರೆ ಅವರ ದಿನಾಂಕ ಅಲ್ಲೇ ಇರುತ್ತದೆ.

ಹಂತ 5: ಆಟದ ದಿನ

ಇದು ಫಾರಂನ ಮುಖ್ಯ ಫೀಲ್ಡ್. ಬೀಗ ಇಡೀ ಫೀಲ್ಡಿಗಲ್ಲ, ಕ್ಯಾಲೆಂಡರಿನ ಕೆಲವು ದಿನಗಳಿಗೆ ಮಾತ್ರ.

ತಿರುಗಾಟದ ಮೊದಲ ದಿನ ಮತ್ತು ಪತ್ತನಾಜೆ, ಇವೆರಡನ್ನು ಮಿನ್ ಮತ್ತು ಮ್ಯಾಕ್ಸ್ ಆಗಿ ಕೊಡಿ. ದಿನಾಂಕ ಬರೆಯುವ ಕ್ರಮ ಯಾವಾಗಲೂ ವರ್ಷ, ತಿಂಗಳು, ದಿನ: 2026-04-05. ಪರದೆಯ ಮೇಲೆ ಅದು ಹೇಗೆ ಕಾಣುತ್ತದೆ ಎನ್ನುವುದು ನಿಮ್ಮ ಕೈಯಲ್ಲಿಲ್ಲ, ಬ್ರೌಸರ್‌ನ ಭಾಷೆಗೆ ಬಿಟ್ಟದ್ದು. ಪತ್ತನಾಜೆ ತುಳು ಬೇಸ್ಯ ತಿಂಗಳ ಹತ್ತನೇ ದಿನ. ಮೇ 24ರ ಆಸುಪಾಸಿಗೆ ಬೀಳುತ್ತದೆ. ಆದ್ದರಿಂದ ಅದನ್ನು ಕೋಡ್ ಒಳಗೆ ಬರೆದಿಡಬೇಡಿ. ಮ್ಯಾನೇಜರ್ ವರ್ಷಕ್ಕೊಮ್ಮೆ ತಾವೇ ಬದಲಿಸುವ ಹಾಗೆ ಸೆಟ್ಟಿಂಗ್‌ನಲ್ಲಿಡಿ.

ನಡುವೆ ಬುಕ್ ಆದ ದಿನಗಳದೇ ಕಷ್ಟ. ಬ್ರೌಸರ್‌ನ ಸ್ವಂತ ಡೇಟ್ ಫೀಲ್ಡ್‌ನಲ್ಲಿ ಅಂಚುಗಳನ್ನು ಹೇಳಬಹುದು, ಬಿಡಿ ದಿನಗಳನ್ನು ಮುಚ್ಚಲು ಬರುವುದಿಲ್ಲ. ಎರಡು ದಾರಿಗಳಿವೆ. ಒಂದು, ದಿನ ಆರಿಸಿದ ಕೂಡಲೇ ಸರ್ವರನ್ನು ಕೇಳಿ "ಈ ದಿನ ಬುಕ್ ಆಗಿದೆ, ಹತ್ತಿರದಲ್ಲಿ ಇಂತಿಂಥ ದಿನ ಖಾಲಿ ಇದೆ" ಎಂದು ಕೆಳಗೆ ತೋರಿಸುವುದು. ಇನ್ನೊಂದು, ಫ್ಲ್ಯಾಟ್‌ಪಿಕರ್, ಜೆಕ್ವೆರಿ ಯುಐ, ಬೂಟ್‌ಸ್ಟ್ರ್ಯಾಪ್ ಡೇಟ್‌ಪಿಕರ್ ಥರದ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹಾಕಿ ಬುಕ್ ಆದ ದಿನಗಳನ್ನು ಮಂಕಾಗಿಸುವುದು. ಆರಿಸಲಿಕ್ಕೆ ಖಾಲಿ ದಿನ ಕೆಲವೇ ಉಳಿದಿದ್ದರೆ ಕ್ಯಾಲೆಂಡರನ್ನೇ ಬಿಟ್ಟು ಖಾಲಿ ದಿನಗಳ ಪಟ್ಟಿ ಕೊಡಿ. ತಿಂಗಳುಗಟ್ಟಲೆ ಮಂಕು ಚೌಕಗಳನ್ನು ದಾಟಿಸಿ ಜನರನ್ನು ಸುಸ್ತು ಮಾಡುವುದಕ್ಕಿಂತ ಅದು ಮೇಲು.

ಲೈಬ್ರರಿ ಹಾಕುವವರು ಗಮನಿಸಬೇಕಾದ್ದು ಕೆಲವು ಇವೆ. ಅಕ್ಷರದ ಫೀಲ್ಡಿಗೆ ಲೈಬ್ರರಿ ಕಟ್ಟಿದರೆ ರೀಡ್‌ಓನ್ಲಿ ಇದ್ದರೂ ಅದರ ಕ್ಯಾಲೆಂಡರ್ ತೆರೆದೀತು. ಬೂಟ್‌ಸ್ಟ್ರ್ಯಾಪ್ ಡೇಟ್‌ಪಿಕರ್‌ನಲ್ಲಿ ಇದಕ್ಕೆಂದೇ ಒಂದು ಆಯ್ಕೆ ಇದೆ, ಮತ್ತು ಅದು ಮೊದಲಿನಿಂದಲೇ ಆನ್ ಆಗಿರುತ್ತದೆ. ಖಾಯಂ ಆದ ಬುಕಿಂಗ್‌ನಲ್ಲಿ ಅದನ್ನು ಆಫ್ ಮಾಡದಿದ್ದರೆ ಸೇವಾಕರ್ತರು ರೀಡ್‌ಓನ್ಲಿ ಫೀಲ್ಡಿನ ಮೇಲೆ ಒತ್ತಿ ದಿನ ಬದಲಿಸಿಯಾರು. ಫ್ಲ್ಯಾಟ್‌ಪಿಕರ್ ತನ್ನ ಫೀಲ್ಡನ್ನು ತಾನೇ ರೀಡ್‌ಓನ್ಲಿ ಮಾಡಿಕೊಳ್ಳುತ್ತದೆ, ಯಾರೂ ಕೈಯಿಂದ ಟೈಪ್ ಮಾಡದಿರಲಿ ಅಂತ. ಹಂತ 2ರ ಮಾತು ಇಲ್ಲಿ ಬಂತು ನೋಡಿ: ರೀಡ್‌ಓನ್ಲಿ ಆದ ಕಾರಣ ರಿಕ್ವೈರ್ಡ್ ಸತ್ತಿರುತ್ತದೆ, ಆಟದ ದಿನವೇ ಇಲ್ಲದ ಬುಕಿಂಗ್ ಬಂದು ಕೂರುತ್ತದೆ. ಸಬ್ಮಿಟ್ ಮಾಡುವಾಗ ಖಾಲಿ ಇದೆಯೇ ಎಂದು ನೀವೇ ನೋಡಬೇಕು, ಇಲ್ಲವೇ ಟೈಪ್ ಮಾಡಲು ಬಿಡುವ ಆಯ್ಕೆ ಕೊಡಬೇಕು. ಅದೇ ಲೈಬ್ರರಿಯಲ್ಲಿ ತೋರಿಕೆಗೆ ಬೇರೆ ಫಾರ್ಮ್ಯಾಟ್ ಬೇಕೆಂದು ಆಲ್ಟ್ ಇನ್‌ಪುಟ್ ಬಳಸಿದ್ದರೆ ಕಾಣುವ ಪೆಟ್ಟಿಗೆ ಒಂದು, ನಿಜವಾದ ಫೀಲ್ಡ್ ಇನ್ನೊಂದು. ಆಮೇಲೆ ನಿಜವಾದದ್ದಕ್ಕೆ ಬೀಗ ಹಾಕಿದರೆ ಕಾಣುವುದು ತೆರೆದೇ ಇರುತ್ತದೆ, ಎರಡಕ್ಕೂ ಹಾಕಬೇಕು.

ಇನ್ನು ಲೇಬಲ್. ಆಟ ಸಂಜೆ ಶುರುವಾಗಿ ಮರುದಿನ ಬೆಳಗ್ಗೆ ಮುಗಿಯಬಹುದು. "ಆಟದ ದಿನಾಂಕ" ಅನ್ನುವ ಬದಲು "ಆಟ ಶುರುವಾಗುವ ದಿನ" ಎಂದು ಬರೆದರೆ ಆಫೀಸಿಗೆ ಬರುವ ಫೋನ್ ಕರೆ ಕಮ್ಮಿಯಾಗುತ್ತದೆ.

ಹಂತ 6: ಮುಂಗಡದ ಕೊನೆಯ ದಿನ ಮತ್ತು ಐದೂವರೆ ಗಂಟೆಯ ಕಾಟ

ಆಟಕ್ಕೆ 30 ದಿನ ಮೊದಲು ಮುಂಗಡ ಕಟ್ಟಬೇಕು ಎಂದಿರಲಿ. ಆಟ 2026 ಜನವರಿ 14ಕ್ಕಾದರೆ ಕೊನೆಯ ದಿನ 2025 ಡಿಸೆಂಬರ್ 15. ಇದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಲೆಕ್ಕ ಮಾಡಿ ರೀಡ್‌ಓನ್ಲಿ ಫೀಲ್ಡಿನಲ್ಲಿ ತೋರಿಸುವಾಗ ಡಿಸೆಂಬರ್ 14 ಬಂದರೆ ಆಶ್ಚರ್ಯಪಡಬೇಡಿ.

ವಿಷಯ ಇಷ್ಟೇ: ವರ್ಷ, ತಿಂಗಳು, ದಿನ ಕೊಟ್ಟು ಒಂದು ಡೇಟ್ ಮಾಡಿದರೆ ಅದು ನಮ್ಮ ಊರಿನ ಮಧ್ಯರಾತ್ರಿ. ಅದನ್ನು ಟು ಐಎಸ್‌ಒ ಸ್ಟ್ರಿಂಗ್ (toISOString) ಮೂಲಕ ಬರೆಸಿದರೆ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ ಬದಲಾಗುತ್ತದೆ. ನಮ್ಮ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ ಇರುವುದರಿಂದ ಹಿಂದಿನ ದಿನದ 18:30 ಬರುತ್ತದೆ. ಮೊದಲ ಹತ್ತು ಅಕ್ಷರ ಕತ್ತರಿಸಿಕೊಂಡರೆ ಒಂದು ದಿನ ಕಮ್ಮಿ. ತೆರೆದ ಫೀಲ್ಡ್ ಆಗಿದ್ದರೆ ಯಾರಾದರೂ ನೋಡಿ ತಿದ್ದಿಯಾರು. ರೀಡ್‌ಓನ್ಲಿ ಫೀಲ್ಡಿನಲ್ಲಿ ತಿದ್ದಲಿಕ್ಕೂ ಆಗುವುದಿಲ್ಲ, ಕಂಪ್ಯೂಟರ್ ಹೇಳಿದ್ದಲ್ಲವೇ ಎಂದು ಜನ ನಂಬಿಯೂ ಬಿಡುತ್ತಾರೆ.

ಪರಿಹಾರ: ಲೆಕ್ಕವನ್ನು ಪೂರ್ತಿ ಯುಟಿಸಿಯಲ್ಲೇ ಮಾಡಿ. ಡೇಟ್ ಫೀಲ್ಡಿಗೆ ವ್ಯಾಲ್ಯೂ ಆ್ಯಸ್ ಡೇಟ್ ಎಂಬ ಪ್ರಾಪರ್ಟಿ ಇದೆ, ಅದು ಯುಟಿಸಿ ಮಧ್ಯರಾತ್ರಿಯನ್ನೇ ಕೊಡುತ್ತದೆ. ಅದನ್ನು ತೆಗೆದುಕೊಂಡು ಯುಟಿಸಿ ದಿನದಿಂದ 30 ಕಳೆದು, ಮುಂಗಡದ ಫೀಲ್ಡಿನ ಅದೇ ಪ್ರಾಪರ್ಟಿಗೆ ಕೊಡಿ. ಸ್ಟ್ರಿಂಗ್ ಕತ್ತರಿಸುವ ಕೆಲಸವೇ ಇಲ್ಲ.

"ಇವತ್ತು" ಎಂಬುದರಲ್ಲೂ ಇದೇ ಕಾಟ. ಹಿಂದಿನ ದಿನಗಳನ್ನು ಮುಚ್ಚಲು ಇವತ್ತಿನ ದಿನಾಂಕವನ್ನು ಅದೇ ಐಎಸ್‌ಒ ಮಾರ್ಗದಲ್ಲಿ ತೆಗೆದರೆ ಮಧ್ಯರಾತ್ರಿಯಿಂದ ಬೆಳಗಿನ 5:30ರ ತನಕ ನಿನ್ನೆಯ ದಿನಾಂಕ ಬರುತ್ತದೆ. ಬೇರೆ ಊರಿನ ಆಫೀಸ್ ಫಾರಂ ಆಗಿದ್ದರೆ ಆ ಹೊತ್ತಿಗೆ ಯಾರು ತುಂಬುತ್ತಾರೆ ಅನ್ನಬಹುದಿತ್ತು. ಆಟ ನೋಡುತ್ತಾ ಕೂತವರು, ಚೌಕಿಯ (ವೇಷ ಕಟ್ಟುವ ಜಾಗದ) ಪಕ್ಕ ನಿಂತು ಮುಂದಿನ ವರ್ಷಕ್ಕೆ ನಮ್ಮಲ್ಲೂ ಒಂದು ಆಡಿಸುವ ಅಂತ ಮಾತಾಡಿಕೊಂಡವರು ಫೋನ್ ತೆಗೆಯುವುದೇ ಆಗ. ಇನ್ನು ದುಬೈಯಲ್ಲಿ ಕೂತು ಊರಿನ ಮನೆಯಲ್ಲಿ ಆಟ ಆಡಿಸುವವರೂ ಇದ್ದಾರೆ. ಅಲ್ಲಿ ರಾತ್ರಿ 10:30 ಆಗುವಾಗ ಇಲ್ಲಿ ದಿನಾಂಕ ಬದಲಾಗಿರುತ್ತದೆ. ಆದ್ದರಿಂದ ಇವತ್ತು ಯಾವ ದಿನ ಎನ್ನುವುದನ್ನು ಬ್ರೌಸರ್‌ಗೆ ಬಿಡದೆ, ಸರ್ವರ್ ಭಾರತದ ಸಮಯದಲ್ಲಿ ಲೆಕ್ಕ ಮಾಡಿ ಮಿನ್ ಆಗಿ ಕೊಡಲಿ.

ಮುಂಗಡದ ದಿನ ಸಬ್ಮಿಟ್ ಜೊತೆ ಹೋದರೂ ಸರ್ವರ್ ಅದನ್ನು ನಂಬದೆ ಮತ್ತೆ ತಾನೇ ಲೆಕ್ಕ ಮಾಡಬೇಕು. ಹಾಗಿದ್ದ ಮೇಲೆ ಅದನ್ನೂ ಬರೀ ಅಕ್ಷರದಲ್ಲಿ ತೋರಿಸಿದರೆ ಸಾಕಲ್ಲವೇ? ಸಾಕು. ಅಕ್ಷರದಲ್ಲಿ ತೋರಿಸುವಾಗ ವಾರವನ್ನೂ ಬರೆಯಿರಿ: "2026 ಏಪ್ರಿಲ್ 5, ಭಾನುವಾರ". ಫೋನ್ ಅಮೆರಿಕದ ಇಂಗ್ಲಿಷಿಗೆ ಸೆಟ್ ಆಗಿದ್ದರೆ ಡೇಟ್ ಫೀಲ್ಡ್ ತಿಂಗಳನ್ನು ಮೊದಲು ತೋರಿಸುತ್ತದೆ, 04/05 ಎಂದರೆ ಮೇ 4 ಎಂದು ಓದಿಕೊಳ್ಳುವವರೇ ಹೆಚ್ಚು. ಜಾವಾಸ್ಕ್ರಿಪ್ಟ್‌ನ ಇಂಟಲ್ (Intl) ಫಾರ್ಮ್ಯಾಟರ್‌ಗೆ ಕನ್ನಡದ ಲೊಕೇಲ್ ಕೊಟ್ಟರೆ ತಿಂಗಳು, ವಾರ ಕನ್ನಡದಲ್ಲೇ ಸಿಗುತ್ತವೆ. ಲೆಕ್ಕ ಯುಟಿಸಿಯಲ್ಲಿ ಮಾಡಿದ್ದರೆ ಫಾರ್ಮ್ಯಾಟರ್‌ಗೂ ಯುಟಿಸಿ ಟೈಮ್‌ಝೋನ್ ಕೊಡಲು ಮರೆಯಬೇಡಿ.

ಹಂತ 7: ಸರ್ವರ್‌ನ ಕಡೆ

ಪರದೆಯ ಮೇಲಿನ ಬೀಗ ನೋಡಲಿಕ್ಕೆ ಮಾತ್ರ. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ಆ್ಯಟ್ರಿಬ್ಯೂಟ್ ಅಳಿಸಲು ಕಾಲೇಜು ಹುಡುಗರಿಗೆ ಹತ್ತು ಸೆಕೆಂಡ್ ಸಾಕು. ಖಾಯಂ ಆದ ಬುಕಿಂಗ್‌ನ ದಿನಾಂಕ ಬದಲಾಗಿ ಬಂದರೆ ಸರ್ವರ್ ಅದನ್ನು ತಿರಸ್ಕರಿಸಬೇಕು. ಇಬ್ಬರು ಒಂದೇ ಕ್ಷಣ ಒಂದೇ ದಿನ ಆರಿಸಿದರೆ ಇಬ್ಬರ ಪರದೆಯಲ್ಲೂ ಅದು ಖಾಲಿ ಅಂತಲೇ ಇರುತ್ತದೆ. ಮೇಳ ಮತ್ತು ದಿನಾಂಕ ಸೇರಿ ಡೇಟಾಬೇಸ್‌ನಲ್ಲಿ ಯುನೀಕ್ ಆಗಿದ್ದರೆ ಎರಡನೆಯವರದ್ದು ಅಲ್ಲೇ ನಿಲ್ಲುತ್ತದೆ.

ಮೊದಲಿಗೆ ಹೇಳಿದ 1970 ಎಲ್ಲಿಂದ ಬಂತು? ಡಿಸೇಬಲ್ಡ್ ಫೀಲ್ಡ್ ಬರಲಿಲ್ಲ, ಪಿಎಚ್‌ಪಿ ಕೋಡ್ ಅದನ್ನು ಖಾಲಿ ಅಂತ ತೆಗೆದುಕೊಂಡಿತು, ಖಾಲಿಯನ್ನು ದಿನಾಂಕವಾಗಿ ಓದಲು ಹೋಗಿ ಫಾಲ್ಸ್ ಸಿಕ್ಕಿತು, ಫಾಲ್ಸ್ ಅಂದರೆ ಸೊನ್ನೆ, ಸೊನ್ನೆ ಅಂದರೆ 1970 ಜನವರಿ 1. ಆದ್ದರಿಂದ ಸರ್ವರ್‌ನಲ್ಲಿ "ಬರಲೇ ಇಲ್ಲ" ಮತ್ತು "ಖಾಲಿ ಬಂತು" ಇವೆರಡನ್ನು ಬೇರೆಬೇರೆಯಾಗಿ ನೋಡಿ. ಬಾರದೇ ಇದ್ದ ಫೀಲ್ಡನ್ನು ಅಪ್‌ಡೇಟ್‌ನಲ್ಲಿ ಮುಟ್ಟಲೇಬೇಡಿ.

ಬೀಗವೇ ಹಾಕದೆ ಇದೇ ತೊಂದರೆ ತಂದುಕೊಳ್ಳುವ ಒಂದು ದಾರಿಯೂ ಇದೆ. ಎರಡು ಸಲ ಸಬ್ಮಿಟ್ ಆಗದಿರಲಿ ಎಂದು ಸಬ್ಮಿಟ್ ಈವೆಂಟ್ ಒಳಗೆ ಎಲ್ಲ ಫೀಲ್ಡ್‌ಗಳನ್ನು ಡಿಸೇಬಲ್ ಮಾಡುವ ಕೋಡ್. ಬ್ರೌಸರ್ ಆ ಈವೆಂಟ್ ಮುಗಿದ ಮೇಲೆಯೇ ಫೀಲ್ಡ್‌ಗಳನ್ನು ಒಟ್ಟುಮಾಡುವುದು. ಆಗ ಅದಕ್ಕೆ ಒಂದೂ ಸಿಗುವುದಿಲ್ಲ. ಬಟನ್ ಒಂದನ್ನೇ ಮುಚ್ಚಿ.

ಹಂತ 8: ಕಣ್ಣಿಗೂ ಕಿವಿಗೂ ತಿಳಿಯುವ ಹಾಗೆ

ಡಿಸೇಬಲ್ಡ್ ಫೀಲ್ಡನ್ನು ಬ್ರೌಸರ್ ತಾನೇ ಮಂಕು ಮಾಡುತ್ತದೆ. ರೀಡ್‌ಓನ್ಲಿ ತೆರೆದ ಫೀಲ್ಡಿನ ಹಾಗೇ ಕಾಣಬಹುದು. ಅದಕ್ಕೆ ನೀವೇ ರೂಪ ಕೊಡಬೇಕು. ಸಿಎಸ್‌ಎಸ್‌ನಲ್ಲಿ ರೀಡ್‌ಓನ್ಲಿ ಎಂಬ ಸ್ಯೂಡೋ ಕ್ಲಾಸ್ ಬಳಸಿದರೆ ಚೆಕ್‌ಬಾಕ್ಸ್, ಡಿಸೇಬಲ್ಡ್ ಫೀಲ್ಡ್ ಎಲ್ಲವೂ ಬಲೆಗೆ ಬೀಳುತ್ತವೆ, ಆದ್ದರಿಂದ ಆ್ಯಟ್ರಿಬ್ಯೂಟ್ ಸೆಲೆಕ್ಟರ್ ಬಳಸುವುದು ಕ್ಷೇಮ. ಅಕ್ಷರವನ್ನು ಮಂಕು ಮಾಡಬೇಡಿ, ಅದು ಓದಲಿಕ್ಕೆಂದೇ ಇರುವುದು. ಹಿನ್ನೆಲೆಯ ಬಣ್ಣ ಸ್ವಲ್ಪ ಬದಲಿಸಿ, ಅಂಚು ತೆಗೆದರೆ ಸಾಕು.

ಬೀಗದ ಕಾರಣವನ್ನು ಪಕ್ಕದಲ್ಲೇ ಬರೆಯಿರಿ: "ಮೇಳದ ಆಫೀಸು ಖಾಯಂ ಮಾಡಿದೆ. ಬದಲಿಸಬೇಕಾದರೆ ಮ್ಯಾನೇಜರ್‌ಗೆ ಫೋನ್ ಮಾಡಿ." ಮೌಸ್ ತಂದರೆ ಮಾತ್ರ ಕಾಣುವ ಟಿಪ್ಪಣಿ ಫೋನಿನಲ್ಲಿ ನೋಡುವವರಿಗೆ ಕಾಣುವುದೇ ಇಲ್ಲ. ಆ ಸಾಲನ್ನು ಏರಿಯಾ ಡಿಸ್ಕ್ರೈಬ್ಡ್ ಬೈ (aria-describedby) ಎಂಬ ಆ್ಯಟ್ರಿಬ್ಯೂಟ್ ಮೂಲಕ ಫೀಲ್ಡಿಗೆ ಕಟ್ಟಿದರೆ ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ದಿನಾಂಕದ ಜೊತೆ ಕಾರಣವನ್ನೂ ಓದುತ್ತದೆ. ಡಿಸೇಬಲ್ಡ್ ಫೀಲ್ಡಿಗೆ ಟ್ಯಾಬ್ ಬರುವುದೇ ಇಲ್ಲವಾದ್ದರಿಂದ, ಎಲ್ಲರೂ ಓದಲೇಬೇಕಾದ ದಿನಾಂಕವನ್ನು ಅದರೊಳಗೆ ಇಡಬೇಡಿ.

ಹಂತ 9: ಪರೀಕ್ಷೆ

ಮಂಗಳೂರಿನ ಕಂಪನಿಗಳಲ್ಲಿ ಟೆಸ್ಟಿಂಗ್ ಮಾಡುವ ಗೆಳೆಯರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಬ್ರೌಸರನ್ನು ಕೋಡ್‌ನಿಂದ ನಡೆಸುವ ಸೆಲೆನಿಯಂ, ಪ್ಲೇರೈಟ್ ಎಂಬ ಸಾಧನಗಳದ್ದು: ಸೆಲೆನಿಯಂ ರೀಡ್‌ಓನ್ಲಿ ಫೀಲ್ಡನ್ನು ಕ್ಲಿಯರ್ ಮಾಡಲು ಹೋದರೆ ಎರರ್ ಕೊಡುತ್ತದೆ, ಪ್ಲೇರೈಟ್ ಫಿಲ್ ಮಾಡಲು ಹೋಗಿ ಕಾದು ಕಾದು ಟೈಮೌಟ್ ಆಗುತ್ತದೆ, ಆ್ಯಟ್ರಿಬ್ಯೂಟ್ ಕಿತ್ತುಹಾಕಿ ತುಂಬಬಹುದೇ? ತುಂಬಬಹುದು, ಆದರೆ ಆಗ ಯಾವ ಬಳಕೆದಾರನೂ ನೋಡದ ಫಾರಂ ಒಂದನ್ನು ಪರೀಕ್ಷಿಸಿದಂತಾಗುತ್ತದೆ. ಕ್ಯಾಲೆಂಡರ್ ಇರುವ ಫೀಲ್ಡ್ ಆದರೆ ಕ್ಯಾಲೆಂಡರ್ ತೆರೆದು ದಿನದ ಮೇಲೆ ಕ್ಲಿಕ್ ಮಾಡಿಸಿ. ಖಾಯಂ ಆದ ದಿನಾಂಕವಾದರೆ ತುಂಬಲು ಬರುವುದಿಲ್ಲ ಎಂಬುದನ್ನೇ ಪರೀಕ್ಷೆ ಮಾಡಿ. ಬೀಗ ಒಡೆದು ಕಳಿಸುವ ಪರೀಕ್ಷೆಯನ್ನು ಬ್ರೌಸರ್ ಇಲ್ಲದೆ, ಪೋಸ್ಟ್‌ಮನ್‌ನಂಥ ಸಾಧನದಿಂದ ನೇರ ಸರ್ವರ್ ಮೇಲೆ ಮಾಡಿ. ಉತ್ತರ ತಿರಸ್ಕಾರವೇ ಆಗಿರಬೇಕು.

ಕೈಯಿಂದ ನೋಡುವುದಾದರೆ ಖಾಯಂ ಆದ ಒಂದು ಬುಕಿಂಗ್ ತೆರೆದು ಫೋನ್ ನಂಬರ್ ಮಾತ್ರ ಬದಲಿಸಿ ಸೇವ್ ಮಾಡಿ, ನಾಲ್ಕೂ ದಿನಾಂಕಗಳು ಇದ್ದ ಹಾಗೇ ಇವೆಯೇ ನೋಡಿ. ಆಮೇಲೆ ಕಂಪ್ಯೂಟರ್ ಗಡಿಯಾರವನ್ನು ಬೆಳಗಿನ ಎರಡು ಗಂಟೆಗೆ ಇಟ್ಟು ಹೊಸ ಬುಕಿಂಗ್ ಹಾಕಿ. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಸೆನ್ಸರ್ಸ್ ಎಂಬ ಪ್ಯಾನೆಲ್ ಇದೆ. ಅಲ್ಲಿ ಟೈಮ್‌ಝೋನ್ ದುಬೈ ಮಾಡಿ ಒಮ್ಮೆ, ನ್ಯೂಯಾರ್ಕ್ ಮಾಡಿ ಇನ್ನೊಮ್ಮೆ ಅದೇ ಬುಕಿಂಗ್ ತೆರೆದರೆ ಆಟದ ದಿನ ಮೂರು ಕಡೆಯೂ ಒಂದೇ ಇರಬೇಕು.